ಲಾರಿ ಕೆಳಗೆ ಅಡಗಿದ್ದವನ ಹೆಸರು

ಚಾಮರಾಜಪೇಟೆ, ಬೆಂಗಳೂರು
೭ ಏಪ್ರಿಲ್ ೨೦೦೨, ಭಾನುವಾರ

ನನ್ನ ಮುದ್ದು ಧೃತಿಗೆ,

ಅಮ್ಮನ ಆಶೀರ್ವಾದ. ಇದು ನಾನು ಬರೆಯುತ್ತಿರುವ ನಾಲ್ಕನೇ ಕಾಗದ. ಮೊದಲಿನ ಮೂರನ್ನೂ ಹರಿದು ಹಂಡೆಯ ಒಲೆಗೆ ಹಾಕಿದೆ. ಇದನ್ನು ಮುಗಿಸಿದ ಕೂಡಲೇ ಹೋಗಿ ಡಬ್ಬಕ್ಕೆ ಹಾಕಿಬಿಡುತ್ತೇನೆ, ಇನ್ನೊಂದು ಸಲ ಓದುವುದಿಲ್ಲ. ನೀನು ಮಾತ್ರ ವಾರ್ಡಿನಲ್ಲಿ ನಿಂತುಕೊಂಡು ಇದನ್ನು ಓದಬೇಡ. ಡ್ಯೂಟಿ ಮುಗಿಸಿ, ಊಟ ಮಾಡಿ, ರೂಮಿಗೆ ಹೋಗಿ ಕೂತು ಓದು.

ಯಾರಿಗೂ ಏನೂ ಆಗಿಲ್ಲ, ಗಾಬರಿಯಾಗಬೇಡ. ತಾತ ಹೋಗಿ ತಿಂಗಳಾಯಿತು. ಗಡಿಯಲ್ಲಿ ಯಾವಾಗ ಏನಾಗುತ್ತದೋ ಅಂತ ನಿಮ್ಮ ಮಿಲಿಟರಿ ಆಸ್ಪತ್ರೆಯವರಿಗೆಲ್ಲ ರಜೆ ರದ್ದಾಗಿ, ಅವರ ಮುಖ ಕೊನೆಯ ಸಲ ನೋಡುವುದಕ್ಕೂ ನಿನಗೆ ಜೋಧಪುರದಿಂದ ಬರಲಾಗಲಿಲ್ಲ. ಫೋನಿನಲ್ಲಿ ಅಳುತ್ತಾ, "ಎಲ್ಲಾ ಹೇಗಾಯ್ತು ಅಂತ ಒಂದೂ ಬಿಡದೆ ಬರಿ ಅಮ್ಮ" ಅಂದೆ. ಬರೆಯುತ್ತೇನೆ ಅಂತ ನಾನೂ ಒಪ್ಪಿಕೊಂಡೆ. ಆಗ ಬರೆಯಲು ಇದ್ದದ್ದು ಅವರು ಹೋದ ರೀತಿ ಅಷ್ಟೇ. ಕಾಫಿ ಕುಡಿದರು, ಪೇಪರ್ ಮಡಿಸಿ ತೊಡೆಯ ಮೇಲಿಟ್ಟುಕೊಂಡರು, "ಚೂಡಿ, ಇವತ್ತು ಡಿಕಾಕ್ಷನ್ ಚೆನ್ನಾಗಿ ಇಳಿದಿತ್ತು" ಅಂದರು. ನಾನು ಲೋಟ ತೊಳೆದು ಬರುವುದರೊಳಗೆ ಅವರು ಇರಲಿಲ್ಲ. ಎಂಬತ್ತೆರಡು ವರ್ಷದ ಜೀವಕ್ಕೆ ಇದಕ್ಕಿಂತ ಸುಖದ ಸಾವು ಬೇಕೇ ಅಂತ ಬಂದವರೆಲ್ಲ ಅಂದರು. ನಾನೂ ಹಾಗೆಯೇ ಅಂದುಕೊಂಡೆ.

ಈಗ ಬರೆಯುತ್ತಿರುವುದು ಹದಿಮೂರನೇ ದಿನ ಆದದ್ದು. ನಿನ್ನ ವಾದಿರಾಜ ಮಾಮ, "ಧೃತಿಗೆ ಮಾತ್ರ ತಿಳಿಯಕೂಡದು" ಅಂತ ನನ್ನಿಂದ ಭಾಷೆ ತೆಗೆದುಕೊಂಡಿದ್ದಾನೆ. ಕೊಟ್ಟೆ. ಈಗ ಮುರಿಯುತ್ತಿದ್ದೇನೆ.

ಮಾರ್ಚ್ ಹದಿನೇಳು, ಭಾನುವಾರ, ವೈಕುಂಠ ಸಮಾರಾಧನೆ. ಹವಾಲ್ದಾರ್ ರಾಯರು ಹೋದರಂತೆ ಅಂತ ಪೇಪರಿನಲ್ಲಿ ನೋಡಿ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಭಾನುವಾರದ ಸಂಜೆಗಳಲ್ಲಿ ನಮ್ಮ ಜಗಲಿಯ ಮೇಲೆ ಕೂತು ಯುದ್ಧದ ಕಥೆ ಕೇಳುತ್ತಿದ್ದ ರಸ್ತೆಯ ಮಕ್ಕಳೆಲ್ಲ ಬಂದಿದ್ದರು. ಮಕ್ಕಳು ಅಂದರೆ ಈಗ ಅವರಿಗೇ ತಲೆ ನರೆತಿದೆ. ಮೊದಲ ಪಂಕ್ತಿ ಎದ್ದು ಎರಡನೆಯದಕ್ಕೆ ಎಲೆ ಹಾಕುತ್ತಿದ್ದಾಗ ಯಾರೋ ವಾದಿರಾಜನಿಗೆ, "ಆ ನದಿ ಕಥೆ ಒಂದ್ಸಲ ಹೇಳ್ಬಿಡಪ್ಪ, ಇನ್ನು ರಾಯರ ಬಾಯಲ್ಲಂತೂ ಕೇಳೋ ಹಾಗಿಲ್ಲ" ಅಂದರು. ಅವನಿಗೆ ಅಷ್ಟೇ ಸಾಕಾಯಿತು. ಪಂಚೆ ಎತ್ತಿ ಕಟ್ಟಿ ಹಜಾರದ ಮಧ್ಯೆ ನಿಂತುಬಿಟ್ಟ.

ಆ ಕಥೆ ನಿನಗೆ ಬಾಯಿಪಾಠ. ಆದರೂ ಬರೆಯುತ್ತೇನೆ, ಯಾಕೆಂದರೆ ನಾವು ಅದನ್ನು ಹೀಗೆ ಹೇಳಿಕೊಂಡದ್ದು ಆವತ್ತೇ ಕೊನೆ.

ಬರ್ಮಾದಲ್ಲಿ ಚಿಂದ್ವಿನ್ ನದಿ. ನಲವತ್ತನಾಲ್ಕನೇ ಇಸವಿ, ಡಿಸೆಂಬರ್. ತಾತನ ದಳದವರು ಸೇತುವೆ ಕಟ್ಟಬೇಕು. ಅದಕ್ಕೆ ಮೊದಲು ಒಬ್ಬರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಈಜಿ, ಆಚೆ ದಡದ ಮರಕ್ಕೆ ಅದನ್ನು ಕಟ್ಟಬೇಕು. ಬೆಳಗಿನ ಮಂಜು, ಎದುರು ಗುಡ್ಡದಿಂದ ಜಪಾನಿನವರ ಗುಂಡು. ಹವಾಲ್ದಾರ್ ಶ್ರೀಹರಿರಾಯರು ಜನಿವಾರ ಕಣ್ಣಿಗೊತ್ತಿಕೊಂಡು ನೀರಿಗೆ ಹಾರುತ್ತಾರೆ. ಜೊತೆಗಾರ ಮುನಿಯ ಎಲ್ಲಿ? ಲಾರಿ ಕೆಳಗೆ! ತಲೆಗೆ ಅನ್ನದ ತಪ್ಪಲೆ ಬೋರಲು ಹಾಕಿಕೊಂಡು, ಚಡ್ಡಿ ಒದ್ದೆ ಮಾಡಿಕೊಂಡು, "ಅಣ್ಣಮ್ಮ ತಾಯೀ, ಕಾಪಾಡೇ" ಅಂತ ಬೆಂಗಳೂರಿನ ದೇವರುಗಳನ್ನೆಲ್ಲ ಬರ್ಮಾಕ್ಕೆ ಕರೆಯುತ್ತಿದ್ದಾನೆ. ತಾತ ಆ ದನಿ ತೆಗೆದರೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದರು. ನಮ್ಮ ಮನೆಯಲ್ಲಿ ಹೆದರಿದವರಿಗೆಲ್ಲ ಅದೇ ಹೆಸರು. ಇಂಜೆಕ್ಷನ್‌ಗೆ ಅತ್ತರೆ "ಮುನಿಯ ಆಗ್ಬೇಡ್ವೇ." ಕತ್ತಲಿಗೆ ಹೆದರಿದರೆ "ಮುನಿಯ ಬಂದ." ನೀನು ಮಿಲಿಟರಿ ನರ್ಸಿಂಗ್‌ನ ಇಂಟರ್‌ವ್ಯೂಗೆ ಹೊರಟ ದಿನ ಬಾಗಿಲಲ್ಲಿ ನಿಂತು ತಾತ ಹೇಳಿದ್ದೂ ಅದನ್ನೇ. ನೀನು ಅಲ್ಲಿಗೆ ಹೋಗಿ, ಸೇನೆಗೆ ಯಾಕೆ ಬರಬೇಕು ಅಂತ ಕೇಳಿದವರಿಗೆ ಇದೇ ನದಿಯ ಕಥೆ ಹೇಳಿ ಸೆಲೆಕ್ಟ್ ಆಗಿ ಬಂದೆ.

ವಾದಿರಾಜ ಮುನಿಯನ ದನಿ ತೆಗೆದ. ಮನೆಯೆಲ್ಲ ನಕ್ಕಿತು. ಸಾವಿನ ಮನೆ ಅಂತ ತಡೆದುಕೊಂಡಿದ್ದವರೂ ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಆಗ ಹೊಸ್ತಿಲ ಹತ್ತಿರದ ಕುರ್ಚಿಯಿಂದ ಒಬ್ಬ ಮುದುಕರು ಎದ್ದರು. ಬಿಳಿ ಪಂಚೆ, ತಲೆಗೆ ರುಮಾಲು, ಕಂಕುಳಲ್ಲಿ ಒಂದು ಕಟ್ಟು ಎಳೆ ಬಾಳೆ ಎಲೆ. ಪಕ್ಕದಲ್ಲಿ ಐವತ್ತು ವರ್ಷದ ಮಗ. ಅವರು ಯಾರು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಪೇಪರ್ ನೋಡಿ ಬಂದವರಿರಬೇಕು ಅಂತ ಕೂರಿಸಿದ್ದೆವು.

"ಮುನಿಯ ಅಂದ್ರಲ್ಲ, ಯಾವ್ ಮುನಿಯ ಸ್ವಾಮಿ?" ಅಂತ ಕೇಳಿದರು.

ಅಪ್ಪನನ್ನು ಅಣ್ಣ ಅಂತಲೇ ಕರೆಯುವ ವಾದಿರಾಜ ನಗುತ್ತಲೇ ಹೇಳಿದ: "ನಮ್ಮಣ್ಣನ ಜೊತೇಲಿದ್ದ ಒಬ್ಬ ಪುಕ್ಕಲ, ಯಜಮಾನ್ರೇ. ಸಂಪಂಗಿ ಕೆರೆ ಕಡೆ ತೋಟದೋನಂತೆ. ಮುನಿಶಾಮಿನೋ ಮುನಿಶಾಮಪ್ಪನೋ."

"ಮುನಿಶಾಮಪ್ಪ," ಅಂದರು ಅವರು. "ನಾನೇ."

ಹಿಂದೆ ಇದ್ದವರಿಗೆ ಕೇಳಿಸಲಿಲ್ಲ, ಇನ್ನೂ ನಗುತ್ತಿದ್ದರು. ಸಾರಿನ ಬಕೆಟ್ ಹಿಡಿದಿದ್ದ ಅಡುಗೆಯವನು ಬಗ್ಗಿದವನು ಬಗ್ಗಿದ ಹಾಗೆಯೇ ಇದ್ದ.

"ಹಗ್ಗ ಕಟ್ಕೊಂಡು ಈಜ್ದೋನು ನಾನು," ಅಂದರು ಮುನಿಶಾಮಪ್ಪ. "ಲಾರಿ ಕೆಳ್ಗೆ ಇದ್ದೋರು ರಾಯ್ರು." ದನಿ ಏರಿಸಲಿಲ್ಲ ಧೃತಿ. ತಪ್ಪು ವಿಳಾಸ ಹೇಳಿದವರಿಗೆ ಸರಿ ವಿಳಾಸ ಹೇಳುವ ಹಾಗೆ ಹೇಳಿದರು. "ಐವತ್ತೆಂಟು ವರ್ಷ ಯಾರ್ಗೂ ಹೇಳಿಲ್ಲ. ಹೇಳಲ್ಲ ಅಂತ ಅವ್ರಿಗೆ ಮಾತು ಕೊಟ್ಟಿದ್ದೆ. ಇವತ್ತೂ ಹೇಳ್ತಿರ್ಲಿಲ್ಲ."

"ಏನ್ರೀ ಮಾತಾಡ್ತಿದೀರ?" ಅಂತ ವಾದಿರಾಜ ಕೂಗಿದ. "ಸತ್ತೋರ ಮನೇಗೆ ಬಂದು ಹೀಗಾ ಮಾತಾಡೋದು? ಅಲ್ನೋಡಿ, ಗೋಡೆ ಮೇಲಿದೆ ಸರ್ಕಾರದ ಕಾಗದ, ಹೆಸರು ಓದಿ!"

ಅವರು ಆ ಕಟ್ಟು ಹಾಕಿಸಿದ ಪ್ರಶಂಸೆಯ ಕಾಗದವನ್ನು ಸ್ವಲ್ಪ ಹೊತ್ತು ನೋಡಿದರು. "ಅದೂ ಗೊತ್ತು," ಅಂದರು. ಆಮೇಲೆ, ವಾದಿರಾಜನನ್ನಲ್ಲ, ನನ್ನನ್ನು ಕೇಳಿದರು: "ನನ್ ಹೆಸ್ರೇ ಹೇಳ್ತಿದ್ರಾ? ಯಾವಾಗ್ಲೂ?"

ಮಗ ಅವರ ತೋಳು ಹಿಡಿದು "ಬಾ ಅಪ್ಪ, ಹೋಗಣ" ಅಂದ. ನಾನು ಗೇಟಿನವರೆಗೆ ಓಡಿದೆ. "ದಯವಿಟ್ಟು ಊಟ ಮಾಡಿಕೊಂಡು ಹೋಗಿ, ಹಾಗೇ ಹೋಗಬೇಡಿ" ಅಂದೆ. "ಊಟಕ್ಕೇ ಬಂದಿದ್ದೆ ಕಣಮ್ಮ. ಈಗ ಗಂಟ್ಲಲ್ಲಿ ಇಳಿಯಲ್ಲ," ಅಂದರು. ಮಗನ ಹೆಸರು ಯೋಗಾನಂದ, ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ, ಮನೆ ಲಾಲ್‌ಬಾಗಿನ ಹಿಂದೆ ಸಿದ್ಧಾಪುರದಲ್ಲಿ. ಅಷ್ಟನ್ನು ಅವನು ಹೇಳಿದ್ದೂ ನಾನು ಗೇಟು ಬಿಡದೆ ಹಿಡಿದುಕೊಂಡದ್ದಕ್ಕೆ.

ಸಿದ್ಧಾಪುರ, ಧೃತಿ. ನಮ್ಮ ಮನೆಯಿಂದ ಎರಡು ಮೈಲಿ ಆಗುತ್ತದೆಯೋ ಇಲ್ಲವೋ. ನನ್ನ ತಲೆಯಲ್ಲಿ ಮುನಿಯ ಬರ್ಮಾದಲ್ಲೇ, ಆ ಲಾರಿಯ ಕೆಳಗೇ ಇದ್ದವನು. ಅವನು ಊರಿಗೆ ವಾಪಸು ಬಂದು, ಮದುವೆಯಾಗಿ, ಲಾಲ್‌ಬಾಗಿನ ಹಿಂದೆ ಮೊಮ್ಮಕ್ಕಳನ್ನು ಆಡಿಸಿಕೊಂಡು ಇರಬಹುದು ಅನ್ನುವುದು ನನಗೆ ಒಂದು ದಿನವೂ ಹೊಳೆದಿರಲಿಲ್ಲ.

ಎರಡನೇ ಪಂಕ್ತಿ ಊಟ ನಡೆಯಿತು. ನಾನು ಉಗ್ರಾಣದ ನೆಲದ ಮೇಲೆ ಕೂತುಬಿಟ್ಟೆ. ವಾದಿರಾಜ ಅಲ್ಲಿಗೇ ಬಂದ. "ಅಣ್ಣ ಇಲ್ಲ ಅಂತ ಯಾರು ಏನ್ ಬೇಕಾದ್ರೂ ಹೇಳ್ಬಹುದಾ? ಆ ವಯಸ್ಸಿಗೆ ತಲೆ ಕೆಟ್ಟಿರುತ್ತೆ ಚೂಡಿ. ನೀನು ನಂಬ್ಬಿಟ್ಯಾ?" ಅಂದ. ನಂಬಲಿಲ್ಲ ಅಂದೆ. ಆಗಲೇ ನಿನಗೆ ತಿಳಿಸಬಾರದು ಅಂತ ಭಾಷೆ ತೆಗೆದುಕೊಂಡದ್ದು.

ನಂಬಲಿಲ್ಲ ಅಂದದ್ದು ಸುಳ್ಳು. ಮುನಿಶಾಮಪ್ಪ "ನಾನೇ" ಅಂದ ಕ್ಷಣಕ್ಕೇ ನಾನು ನಂಬಿಬಿಟ್ಟಿದ್ದೆ. ಅದಕ್ಕೆ ಕಾರಣವಾದದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನಿನಗೆ ತಾತ, ನನಗೆ ಅಣ್ಣ. ಹೆತ್ತ ಅಪ್ಪನನ್ನು ಹಾಗೆ ಕರೆದೇ ಬೆಳೆದವಳು ನಾನು. ನನಗೆ ಒಂಬತ್ತು, ವಾದಿರಾಜನಿಗೆ ಐದು ಇರುವಾಗ, ಸಂಕ್ರಾಂತಿಯ ದಿನ ಅಣ್ಣ ನಮ್ಮಿಬ್ಬರನ್ನೂ ಗವಿಪುರದ ಗುಡಿಗೆ ಕರೆದುಕೊಂಡು ಹೋಗಿದ್ದರು. ಬರುವಾಗ ಕೆಂಪಾಂಬುಧಿ ಕೆರೆಯ ಮೆಟ್ಟಿಲ ಮೇಲೆ ವಾದಿರಾಜ ಜಾರಿ ನೀರಿಗೆ ಬಿದ್ದ. ಒಂದು ಸಲ ಮೇಲೆ ಬಂದ, ಮತ್ತೆ ಮುಳುಗಿದ. ಅಣ್ಣ ಎರಡು ಕೈ ಮುಂದೆ ಚಾಚಿ ಮೆಟ್ಟಿಲ ಮೇಲೆ ನಿಂತಿದ್ದರು. ಬಾಯಿ ತೆರೆದಿತ್ತು, ಶಬ್ದ ಬರುತ್ತಿರಲಿಲ್ಲ. ಚಿಂದ್ವಿನ್ ಈಜಿದ ನನ್ನ ಅಣ್ಣ ಈಗ ಹಾರುತ್ತಾರೆ, ಈಗ ಹಾರುತ್ತಾರೆ ಅಂತ ನಾನು ಅವರನ್ನೇ ನೋಡುತ್ತಿದ್ದೆ. ಬಟ್ಟೆ ಒಗೆಯುತ್ತಿದ್ದ ಒಬ್ಬರು ಹಾರಿ ಮಗುವನ್ನು ಎತ್ತಿ ತಂದರು. ಮನೆಗೆ ಬರುವಾಗ ಅಣ್ಣ ನಮಗೆ ಕಡಲೆಕಾಯಿ ಕೊಡಿಸಿ, "ಕಾಲು ಹಿಡ್ಕೊಂಡುಬಿಡ್ತು ಕಣೇ ಚೂಡಿ, ಇಲ್ದಿದ್ರೆ ಹಾರ್ತಿದ್ದೆ" ಅಂದರು. ಹೂಂ ಅಂದೆ. ಅವತ್ತು ಸಂಜೆ ಜಗಲಿಯ ಮೇಲೆ ನದಿಯ ಕಥೆಯನ್ನು ಯಾವತ್ತೂ ಇಲ್ಲದ ಜೋರಿನಲ್ಲಿ ಹೇಳಿದರು. ನಾನು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕೆ.

ಬುಧವಾರ ಯಾರಿಗೂ ಹೇಳದೆ ಆಟೋ ಹಿಡಿದು ಸಿದ್ಧಾಪುರಕ್ಕೆ ಹೋದೆ. ಕೆಳಗೆ ಗೋಣಿಚೀಲದ ರಾಶಿ, ಮೇಲೆ ಮನೆ. ಮುನಿಶಾಮಪ್ಪನವರು ಬಿಸಿಲಿಗೆ ಮಂಚದ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಆ ಮರ್ಯಾದೆ ನೋಡಿ ನನಗೆ ತಲೆ ಎತ್ತಲಾಗಲಿಲ್ಲ. ರಮ್ಯಾ ಅಂತ ಮೊಮ್ಮಗಳು ಕಾಫಿ ತಂದುಕೊಟ್ಟಳು, ನಿನ್ನ ವಯಸ್ಸೇ ಇರಬೇಕು. "ನಮ್ ತಾತನೂ ನದಿ ಕಥೆ ಹೇಳೋರು ಆಂಟಿ," ಅಂದಳು. "ನಾವ್ಯಾರೂ ನಂಬ್ತಿರ್ಲಿಲ್ಲ. ಕಾಗ್ದ ಎಲ್ಲೈತೆ ತೋರ್ಸು ಅಂತ ರೇಗಿಸ್ತಿದ್ವಿ. ಹೆದ್ರಿದ್ದು ಯಾರು ತಾತ ಅಂದ್ರೆ, ಯಾರೋ ಒಬ್ರು ಪಾಪ ಬಿಡು ಅನ್ನೋರು."

ಯಾರೋ ಒಬ್ಬರು. ಪಾಪ, ಬಿಡು. ಲೋಟವನ್ನು ಪಕ್ಕಕ್ಕಿಟ್ಟು, ಆ ದಿನ ಏನಾಯಿತು ಅಂತ ಮುನಿಶಾಮಪ್ಪನವರನ್ನೇ ಕೇಳಿದೆ.

ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಲು ನೋಡುತ್ತೇನೆ. ಅಣ್ಣ ಸೇರುವಾಗ ಈಜು ಬರುತ್ತದೆ ಅಂತ ಸುಳ್ಳು ಹೇಳಿದ್ದರಂತೆ. ಗುಮಾಸ್ತನ ಕೆಲಸ ಬೇಡ, ಸೇತುವೆ ಕಟ್ಟುವ ಕೆಲಸವೇ ಬೇಕು ಅನ್ನುವ ಹುಮ್ಮಸ್ಸು. ಆ ದಿನ ಹಗ್ಗ ಒಯ್ಯುವವರ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ ಬಂತು. ಇಪ್ಪತ್ತನಾಲ್ಕು ವರ್ಷ, ಧೃತಿ. ಈಗಿನ ನಿನ್ನ ವಯಸ್ಸು. ಮೊದಲ ಗುಂಡು ಬಿದ್ದಾಗ ಲಾರಿಯ ಕೆಳಗೆ ಹೋದವರು ಎಷ್ಟು ಕರೆದರೂ ಬರಲಿಲ್ಲ. "ನಾನು ಸಂಪಂಗಿ ಕೆರೇಲಿ ಎಮ್ಮೆ ಜೊತೆ ಈಜು ಕಲ್ತೋನಮ್ಮ. ಹಗ್ಗ ಬಿಚ್ಚಿ ನಾನೇ ಕಟ್ಕೊಂಡೆ. ಬಿಳೀ ದೊರೆ ಎಲ್ಲೋ ದಿಬ್ಬದ ಮೇಲಿದ್ದ. ನೀರಲ್ಲಿರೋ ತಲೆ ಯಾರ್ದು ಅಂತ ಅಷ್ಟು ದೂರಕ್ಕೆ ಏನ್ ಗೊತ್ತಾಗ್ತೈತೆ? ಪಟ್ಟೀಲಿದ್ದ ಹೆಸ್ರು ಬರ್ಕೊಂಡ."

ಎರಡು ತಿಂಗಳ ಮೇಲೆ ಪ್ರಶಂಸೆಯ ಕಾಗದ ಬಂತು, ಅಣ್ಣನ ಹೆಸರಿಗೆ. ಅಣ್ಣ ಅದನ್ನು ಹಿಡಿದುಕೊಂಡು ಇವರ ಹತ್ತಿರ ಹೋದರಂತೆ. ನಿಜ ಹೊರಗೆ ಬಂದರೆ ಕೋರ್ಟ್ ಮಾರ್ಷಲ್, ಊರಿಗೆ ಮುಖ ತೋರಿಸುವ ಹಾಗಿಲ್ಲ, ಆಗಲೇ ಮದುವೆ ಗೊತ್ತಾಗಿತ್ತು. "ನನ್ ಕಾಲು ಮುಟ್ಬಿಟ್ರು ಕಣಮ್ಮ. ಅವ್ರು ಯಾರು, ನಾನ್ಯಾರು. ನಂಗೆ ಹೆದ್ರಿಕೆ ಆಯ್ತು. ಇಟ್ಕೊಳಿ ರಾಯ್ರೇ, ನಾನ್ ಯಾರ್ಗೂ ಹೇಳಲ್ಲ ಅಂದೆ."

ಆಮೇಲೆ ಒಂದೇ ಸಲ ಭೇಟಿ. ಅರವತ್ತಮೂರನೇ ಇಸವಿಯಲ್ಲಿ ಇವರು ಸಿಟಿ ಮಾರ್ಕೆಟ್ಟಿನಲ್ಲಿ ತರಕಾರಿ ಹಾಕಿಕೊಂಡು ಕೂತಿದ್ದಾಗ ಅಣ್ಣ ಹುರುಳಿಕಾಯಿ ಕೇಳಿದರಂತೆ. ಇವರು ತೂಗಿ, ತಲೆ ಎತ್ತಿ, "ರಾಯ್ರೇ!" ಅಂದರು. ಅಣ್ಣ ಚೀಲವನ್ನು ಅಲ್ಲೇ ಬಿಟ್ಟು ಹೊರಟುಹೋದರು. ಮುನಿಶಾಮಪ್ಪನವರು ಆ ಚೀಲವನ್ನು ಒಂದು ವರ್ಷ ಅಂಗಡಿಯಲ್ಲಿ ನೇತುಹಾಕಿದ್ದರಂತೆ, ಬಂದರೆ ಕೊಡೋಣ ಅಂತ. ನಮ್ಮ ಮನೆಯಲ್ಲಿ ಮಾರ್ಕೆಟ್ಟಿಗೆ ಆಮೇಲೆಲ್ಲ ನಮ್ಮಮ್ಮನೇ ಹೋಗುತ್ತಿದ್ದದ್ದು ಯಾಕೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ.

"ಹೆದ್ರಿದ್ದು ತಪ್ಪಲ್ಲಮ್ಮ," ಅಂದರು. "ಎಲ್ರೂ ಹೆದ್ರಿದ್ವಿ. ನಾನು ಈಜೋವಾಗ ಅಳ್ತಿದ್ದೆ, ನೀರಲ್ಲಿ ಯಾರ್ಗೂ ಕಾಣ್ಲಿಲ್ಲ. ಕಾಗ್ದ ಹೋಯ್ತು, ಹೋಗ್ಲಿ, ನಾನೇ ಕೊಟ್ಟಿದ್ದು. ಆದ್ರೆ ನನ್ ಹೆಸ್ರು ಯಾಕಮ್ಮ? ಪ್ರಪಂಚದಲ್ಲಿ ಬೇರೆ ಹೆಸ್ರು ಸಿಗ್ಲಿಲ್ವಾ ಅವ್ರಿಗೆ?"

ಗೊತ್ತಿಲ್ಲ ಅಂದೆ.

ನಾನು ಆ ಕಾಗದವನ್ನು ತಂದುಕೊಡುತ್ತೇನೆ ಅಂದೆ. ಬೇಡ ಅಂತ ತಲೆಯಾಡಿಸಿದರು. ಹೊರಡುವಾಗ ಮಾತ್ರ, "ಅವತ್ತು ನಕ್ರಲ್ಲ, ಅಷ್ಟು ಜನ. ಅವ್ರಿಗೆ ಹೇಳಿ" ಅಂದರು. ಅಷ್ಟೇ ಅವರು ಕೇಳಿದ್ದು.

ಕಳೆದ ಗುರುವಾರ ಅಣ್ಣನ ಮೊದಲ ಮಾಸಿಕ ಶ್ರಾದ್ಧ. ಅವತ್ತು ಸಂಜೆ ಎಲ್ಲರನ್ನೂ ಕರೆದೆ. ಅಣ್ಣನ ನೆನಪಿಗೆ ನಾಲ್ಕು ಮಾತು, ಕಾಫಿಗೆ ಬನ್ನಿ ಅಂತ ಮನೆಮನೆಗೆ ಹೋಗಿ ಹೇಳಿದೆ. ನಲವತ್ತು ಜನ ಬಂದರು. ಅಣ್ಣನ ಅಕ್ಕ ಭಾಗೀರಥಮ್ಮತ್ತೆ ಕೋಲು ಊರಿಕೊಂಡು ಬಂದು ಅಣ್ಣನ ಕುರ್ಚಿಯಲ್ಲೇ ಕೂತರು. ಬೆಳಿಗ್ಗೆಯೇ ಸಿದ್ಧಾಪುರಕ್ಕೂ ಫೋನ್ ಮಾಡಿದ್ದೆ. ಅಪ್ಪ ಒಪ್ಪಲ್ಲ, ನೋಡ್ತೀನಿ, ಅಂದಿದ್ದ ಯೋಗಾನಂದ. ಐದೂವರೆಗೆ ಅವನ ಮ್ಯಾಟಡೋರ್ ವ್ಯಾನು ಗೇಟಿನ ಮುಂದೆ ಬಂದು ನಿಂತಿತು. ಯೋಗಾನಂದ ಇಳಿದು ಒಳಗೆ ಬಂದ. ಮುಂದಿನ ಸೀಟಿನಲ್ಲಿದ್ದ ಮುನಿಶಾಮಪ್ಪನವರು ಇಳಿಯಲಿಲ್ಲ. ಗಾಜು ಇಳಿಸಿಕೊಂಡು ರಸ್ತೆ ನೋಡುತ್ತಾ ಕೂತರು.

ನಾನು ಜಗಲಿಯ ಮೇಲೆ ನಿಂತೆ. ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿದವಳು, ಪಾಠ ಹೇಳುವ ಹಾಗೆ ಒಂದೊಂದಾಗಿ ಹೇಳಿದೆ. ನದಿ, ಮಂಜು, ಪಟ್ಟಿ. ಈಜಿದವರು ಮುನಿಶಾಮಪ್ಪನವರು ಅಂದೆ. ಲಾರಿಯ ಕೆಳಗಿದ್ದವರು ನನ್ನ ಅಣ್ಣ ಅಂದೆ. ಈ ಮನೆಯಲ್ಲಿ ನಲವತ್ತಾರು ವರ್ಷ ನಾವು ತಪ್ಪು ಮನುಷ್ಯನನ್ನು ನೋಡಿ ನಕ್ಕಿದ್ದೇವೆ ಅಂದೆ.

ವಾದಿರಾಜ ಎದ್ದ. "ಅಣ್ಣನ್ನ ಎರಡನೇ ಸಲ ಸಾಯಿಸ್ತಿದೀಯ ಚೂಡಿ. ಏನ್ ಆಧಾರ ಇದೆ ನಿಂಗೆ? ಯಾರೋ ಬಂದು ಏನೋ ಅಂದ್ರೆ..."

"ಅವನಿಗೆ ಈಜು ಎಲ್ಲಿ ಬರ್ತಿತ್ತೋ," ಅಂದರು ಭಾಗೀರಥಮ್ಮತ್ತೆ. ಎಲ್ಲರೂ ತಿರುಗಿ ನೋಡಿದರು. "ನಮ್ಮ ಶ್ರೀಹರಿ ಹಿತ್ತಲ ಬಾವಿಗೆ ಇಣುಕೋಕೂ ಹೆದರ್ತಿದ್ದ. ನೀರು ಸೇದ್ತಿದ್ದೋಳು ನಾನು. ಯುದ್ಧದಲ್ಲಿ ಕಲ್ತಿರ್ಬೇಕು ಅಂತ ಅಂದ್ಕೊಂಡಿದ್ದೆ. ಕೇಳೋದು ಹೇಗೆ? ಅಷ್ಟು ಚೆನ್ನಾಗಿ ಹೇಳ್ತಿದ್ದ."

ವಾದಿರಾಜ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಮ್ಯಾಟಡೋರಿನ ಪಕ್ಕದಲ್ಲೇ ಹಾದುಹೋದ, ಆ ಕಡೆ ನೋಡಲಿಲ್ಲ. ಇವತ್ತಿಗೂ ನನ್ನ ಜೊತೆ ಮಾತಿಲ್ಲ. ಕೆರೆಯ ವಿಷಯ ಅವನಿಗೆ ನೆನಪಿಲ್ಲ, ನಾನು ನೆನಪಿಸಲೂ ಇಲ್ಲ. ಅಷ್ಟು ಮಟ್ಟಿಗಾದರೂ ಅವನ ಅಣ್ಣನನ್ನು ಅವನ ಪಾಲಿಗೆ ಬಿಟ್ಟಿದ್ದೇನೆ.

ಜನ ಒಬ್ಬೊಬ್ಬರಾಗಿ ಎದ್ದರು. ಕೆಲವರು ನನ್ನ ಮುಖ ನೋಡದೆ ಹೋದರು. ನಾಲ್ಕೈದು ಜನ ಮಾತ್ರ ಗೇಟಿನ ಹತ್ತಿರ ನಿಂತು ಮ್ಯಾಟಡೋರಿನ ಕಡೆ ಕೈ ಮುಗಿದರು. ನಾನು ಕಾಫಿ ತೆಗೆದುಕೊಂಡು ಹೋದೆ. ಮುನಿಶಾಮಪ್ಪನವರು ಲೋಟ ತೆಗೆದುಕೊಂಡು, ಕುಡಿಯದೆ ಹಿಡಿದುಕೊಂಡರು.

"ಅರ್ಧ ಬಿಟ್ಬಿಟ್ರಿ," ಅಂದರು.

ಇನ್ನೂ ಏನು ಉಳಿದಿದೆ ಅಂತ ಕೇಳಿದೆ.

"ಮಧ್ಯಾಹ್ನದ ಹೊತ್ಗೆ ಎದ್ ಬಂದ್ರು ರಾಯ್ರು. ಲಾರಿ ಕೆಳ್ಗಿಂದ. ನಾನು ಆಚೆ ದಡದಿಂದ ವಾಪಸ್ ಬರ್ಬೇಕಿತ್ತು, ಮಧ್ಯದಲ್ಲಿ ಸೆಳವು ಹಿಡ್ಕೊಂಡ್ತು. ಈ ಕಡೆ ಹಗ್ಗ ಹಿಡ್ದಿದ್ದೋನಿಗೆ ಗುಂಡು ತಗುಲಿ ಬಿದ್ದೋದ. ರಾಯ್ರು ಓಡ್ಬಂದು ಹಿಡ್ಕೊಂಡ್ರು. ಮೇಲೆ ಗುಂಡು ಹಾರ್ತಾನೇ ಐತೆ. ಎರಡೂ ಅಂಗೈ ಚರ್ಮ ಕಿತ್ಕೊಂಡ್ ಬಂತು, ಬಿಡ್ಲಿಲ್ಲ. ಅವ್ರು ಬಿಟ್ಟಿದ್ರೆ ನಾನಿಲ್ಲ, ಇವ್ನಿಲ್ಲ," ಅಂತ ಯೋಗಾನಂದನ ಕಡೆ ತೋರಿಸಿದರು. "ನಿಮ್ ಮಗ್ಳು ಮಿಲಿಟ್ರೀಲಿ ಅವ್ಳೆ ಅಂದ್ರಲ್ಲ. ಅವ್ಳಿಗೆ ಬರೆಯೋದಾದ್ರೆ ಪೂರ್ತಿ ಬರೀರಿ."

ಆಮೇಲೆ ಕಾಫಿ ಕುಡಿದರು. ನಮ್ಮ ಮನೆಯ ಕಾಫಿ, ನಮ್ಮ ಗೇಟಿನ ಮುಂದೆ. ಲೋಟ ಕೊಟ್ಟು ಹೊರಟರು.

ಅವತ್ತಿನಿಂದ ಇದೊಂದೇ ನನ್ನನ್ನು ತಿನ್ನುತ್ತಿರುವುದು. ಆ ಮಧ್ಯಾಹ್ನದ ಮಾತನ್ನು ಅಣ್ಣ ಒಂದು ಸಲವೂ ಹೇಳಲಿಲ್ಲವಲ್ಲ. ತಾವು ನಿಜವಾಗಿ ಮಾಡಿದ ಒಂದು ಧೈರ್ಯದ ಕೆಲಸವನ್ನು ಹೇಳಬೇಕಾದರೆ ಲಾರಿಯ ಕೆಳಗಿನಿಂದ ಶುರು ಮಾಡಬೇಕಿತ್ತು. ಅದು ಅವರಿಂದ ಆಗಲಿಲ್ಲ. ಇನ್ನೊಬ್ಬರ ಬೆಳಗನ್ನು ತೆಗೆದುಕೊಂಡು ತಮ್ಮ ಮಧ್ಯಾಹ್ನವನ್ನು ಬಿಟ್ಟುಕೊಟ್ಟರು.

ಅವರ ಮೇಲೆ ನನಗೆ ಕೋಪ ಬರುತ್ತದೆ. ಐದು ನಿಮಿಷಕ್ಕೆ ಅಳು ಬರುತ್ತದೆ. ಬೆಳಿಗ್ಗೆ ಅಭ್ಯಾಸದಲ್ಲಿ ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ಹಿಡಿದುಕೊಂಡು ನಿಂತುಬಿಡುತ್ತೇನೆ. ಗೋಡೆಯ ಕಾಗದ ತೆಗೆಸಿದೆ. ಫೋಟೋ ಹಾಗೆಯೇ ಇದೆ, ದಿನಾ ಹೂವು ಹಾಕುತ್ತೇನೆ. ಈ ಶನಿವಾರ ಯುಗಾದಿ, ಈ ವರ್ಷ ನಮಗೆ ಹಬ್ಬ ಇಲ್ಲ.

ನಿನ್ನ ಮೇಲೆ ಇದು ಹೇಗೆ ಬೀಳುತ್ತದೋ ಗೊತ್ತಿಲ್ಲ. ಆ ಕಥೆ ನಂಬಿ ಅಷ್ಟು ದೂರ ಹೋದವಳು ನೀನು. ಬೈಯಬೇಕೆನಿಸಿದರೆ ನನ್ನನ್ನು ಬೈದು ಬರಿ, ಆದರೆ ಬರಿ. ಅಲ್ಲಿ ಹೆದರಿಕೊಂಡ ಹುಡುಗ ಯಾರಾದರೂ ನಿನ್ನ ವಾರ್ಡಿಗೆ ಬಂದರೆ, ನಮ್ಮ ಮನೆಯ ಆ ಮಾತು ನಿನ್ನ ಬಾಯಿಗೆ ಬಾರದಿರಲಿ, ಮನಸ್ಸಿನಲ್ಲೂ. ರಜೆ ಸಿಕ್ಕಾಗ ಮೊದಲು ಸಿದ್ಧಾಪುರಕ್ಕೆ ಹೋಗೋಣ.

ಹೊತ್ತಿಗೆ ಸರಿಯಾಗಿ ಉಣ್ಣು. ಮರಳುಗಾಡಿನ ಬಿಸಿಲು, ನೀರು ಚೆನ್ನಾಗಿ ಕುಡಿ.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ
(ಚೂಡಾಮಣಿ)

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಮುನಿಶಾಮಪ್ಪನವರು "ನನ್ ಹೆಸ್ರು ಯಾಕೆ" ಅಂತ ಕೇಳಿದಾಗ ಗೊತ್ತಿಲ್ಲ ಅಂದೆನಲ್ಲ, ಗೊತ್ತಿತ್ತು. ನನಗೆ ಆರು ವರ್ಷ. ಜ್ವರ ಬಂದು ಮಲಗಿದ್ದೆ. ಅಣ್ಣ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಮೊದಲನೇ ಸಲ ಆ ಕಥೆ ಹೇಳಿದರು. ಅವತ್ತು ಅದರಲ್ಲಿ ಹೆಸರುಗಳೇ ಇರಲಿಲ್ಲ. ಒಂದು ನದಿ, ಇಬ್ಬರು ಸ್ನೇಹಿತರು, ಒಬ್ಬ ಈಜಿದ, ಒಬ್ಬ ಲಾರಿ ಕೆಳಗೆ ಅಡಗಿಕೊಂಡ. ಹೇಳುವಾಗ ಅವರ ದನಿ ನಡುಗುತ್ತಿತ್ತು. "ಈಜಿದ್ದು ನೀನೇ ಅಲ್ವಾ ಅಣ್ಣ?" ಅಂದೆ. ಅವರು ನನ್ನ ಮುಖವನ್ನೇ ತುಂಬ ಹೊತ್ತು ನೋಡಿ "ಹೂಂ" ಅಂದರು. "ಹಾಗಾದ್ರೆ ಅಡಗಿದ್ದೋನ ಹೆಸರೇನು?" ಅಂದೆ. ಮುಖ ಆಚೆ ತಿರುಗಿಸಿಕೊಂಡರು. ನಾನು ಬಿಡಲಿಲ್ಲ, ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ, ಹೇಳಲೇಬೇಕು ಅಂತ ಹಟ ಹಿಡಿದೆ. ಎದ್ದು ಹೋಗಿ ನೀರು ಕುಡಿದು ಬಂದರು. ಬಂದು ಆ ಹೆಸರು ಹೇಳಿದರು. ನಾನು ನಕ್ಕೆ. ಮೂರು ದಿನದ ಜ್ವರದಲ್ಲಿ ಮೊದಲನೇ ಸಲ ನಕ್ಕೆನಂತೆ. ಅದನ್ನು ನೋಡಿ ಅಣ್ಣನೂ ನಕ್ಕರು. ಇದನ್ನು ಸಿದ್ಧಾಪುರದಲ್ಲಿ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.